ಚಾತುರ್ಮಾಸದಲ್ಲಿ ಟ್ಯೂಲಿಪ್

ಕಲಾವಿದರು ಹೊಟ್ಟೆಗಿಲ್ಲದೆ ಒದ್ದಾಡಿದ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನನ್ನ ಕಲೆಯಿಂದ ಉಪವಾಸ ಬಿದ್ದವಳು ಮಾತ್ರ ನನ್ನ ತಾಯಿ. ನಾನು ಎರಡು ಹೊತ್ತೂ ಗಡದ್ದಾಗಿ ಉಣ್ಣುವವನು. ಬೇಕಾದರೆ ನನ್ನ ಅಂಗಿಯ ಗುಂಡಿಗಳನ್ನು ಕೇಳಿ.

ಇಚಲಕರಂಜಿಯಲ್ಲಿ ಸೀರೆಯ ಸೆರಗಿಗೆ ಚಿತ್ತಾರ ಬರೆದುಕೊಡುವುದು ನನ್ನ ಕಸುಬು, ಲಿನೋ ಮುದ್ರಣ ನನ್ನ ಹುಚ್ಚು. ರಬ್ಬರಿನಂಥ ಹಾಳೆಯನ್ನು ಸಣ್ಣ ಉಳಿಯಿಂದ ಕೆತ್ತಿ, ಮಸಿ ಸವರಿ, ಮೇಲೆ ಕಾಗದ ಹಾಸಿ ತಿಕ್ಕಿದರೆ ಚಿತ್ರ ಮೂಡುತ್ತದೆ. ಮೂಡಬೇಕು ಎನ್ನೋಣ. ಈ ಸಲ ಕೊಲ್ಹಾಪುರದ ನಮ್ಮ ಗೆಳೆಯರ ಬಳಗ ಮುದ್ರಣ ಪ್ರದರ್ಶನಕ್ಕೆ ಟ್ಯೂಲಿಪ್ ಹೂವನ್ನೇ ವಿಷಯವಾಗಿ ಕೊಟ್ಟಿತು. ನಾನೋ ಟ್ಯೂಲಿಪ್ಪನ್ನು ಟವೆಲ್ಲಿನ ಮೇಲೆ ಮಾತ್ರ ಕಂಡವನು. ಅದನ್ನೇ ನೆನೆದು ಒಂದು ಚಿತ್ರ ಒತ್ತಿದೆ. ನನ್ನ ಹೆಂಡತಿ ಸುನಂದಾ ನೋಡಿ, "ಬದನಿಕಾಯಿ ಭಾಳ ಛಲೋ ಬಂದಾವ್ರಿ" ಎಂದಳು. ಹಟ ಹುಟ್ಟಿತು. ಶಿರೋಳಿಯ ಫೌಂಡ್ರಿಯಲ್ಲಿರುವ ಗೆಳೆಯನೊಬ್ಬ ಕಾಶ್ಮೀರಕ್ಕೆ ಹೋದಾಗ ಟ್ಯೂಲಿಪ್ ಗೆಡ್ಡೆಗಳನ್ನು ತರಿಸಿಕೊಂಡೆ. ನಮ್ಮ ಸೆಕೆಯಲ್ಲಿ ಅವು ಹೂ ಬಿಡಬೇಕಾದರೆ ಮೊದಲು ಕೆಲವು ವಾರ ಫ್ರಿಜ್ಜಿನಲ್ಲಿಟ್ಟು, ಚಳಿಗಾಲ ಬಂತೆಂದು ನಂಬಿಸಬೇಕಂತೆ. ಕಾಯಿಪಲ್ಲೆಯ ಡಬ್ಬಿಯಲ್ಲಿಟ್ಟೆ.

ನಾವು ಜೈನರು. ಆಗ ಚಾತುರ್ಮಾಸ ಬೇರೆ. ನೆಲದೊಳಗಿನ ಗೆಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿರುತ್ತವೆಂದು ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹೊಸ್ತಿಲು ದಾಟುವುದಿಲ್ಲ. ಟ್ಯೂಲಿಪ್ ಗೆಡ್ಡೆಯೋ, ಥೇಟ್ ಉಳ್ಳಾಗಡ್ಡಿಯ ತಮ್ಮ. ಇಷ್ಟು ತಿಳಿದವನು ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಕಲೆಯಲ್ಲಿ ಮುಳುಗಿದ್ದೆ.

ಅವ್ವ ಹಿಂದಿನ ದಿನ ನಿಟ್ಟುಪವಾಸ ಮಾಡಿದ್ದಳು. ಬಸದಿಯಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಉಪವಾಸ ಬಿಡಲು ಕೂಡುವ ಮುಂಚೆ ಲಿಂಬೆಹಣ್ಣಿಗೆಂದು ಫ್ರಿಜ್ಜು ತೆರೆದವಳು, ಹಾಗೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. "ಉಳ್ಳಾಗಡ್ಡಿ ಬಂದ ಮನಿ ಅನ್ನ ನನಗ ನಡ್ಯೂದಿಲ್ಲ. ನನ್ನ ಉದಗಾಂವ ಊರಿಗಿ, ಮಗಳ ಮನಿಗಿ ಕಳಸ್ರಿ." ಹೊತ್ತು ಮುಳುಗಿದ ಮೇಲೆ ಅವ್ವ ಹನಿ ನೀರೂ ಮುಟ್ಟುವವಳಲ್ಲ. ಸೂರ್ಯ ಆಗಲೇ ಎದುರಿನ ಮಗ್ಗದ ಶೆಡ್ಡಿನತ್ತ ಇಳಿಯುತ್ತಿದ್ದ. ಅವ್ವನ ಬಾಡಿದ ಮುಖ ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

"ಅವ್ವಾ, ಇದು ಹೂವಿನ ಗಡ್ಡಿ."

"ಹೂವಿನ ಗಡ್ಡಿಗಿ ಕಾಯಿಪಲ್ಲೆ ಡಬ್ಬ್ಯಾಗ ಏನ ಕೆಲಸ?"

"ಅದಕ್ಕ ಚಳಿ ಬೇಕಾಗೇತಿ."

"ನನ್ನ ಹುಚ್ಚಿ ಮಾಡಬ್ಯಾಡ."

ಹೆಚ್ಚಿ ತೋರಿಸೋಣವೆಂದು ಚಾಕು ತಂದೆ. "ಜೀವಾ ಕೊಂದು ಸಾಕ್ಷಿ ಹೇಳಾಂವ ಏನ ನೀ?" ಎಂದು ಅವ್ವ ಹೌಹಾರಿದಳು. ಹೋಗಲಿ, ಮೂಸಿಯಾದರೂ ನೋಡು ಎಂದೆ. "ಮೂಸಿದ್ರ ಅರ್ಧಾ ತಿಂದಂಗ."

ಕೊನೆಗೆ ಸುನಂದಾ ಪಕ್ಕದ ಮನೆಯ ಕಾಶಿಬಾಯಿಯನ್ನು ಕರೆತಂದಳು. ಆಕೆ ಉಳ್ಳಾಗಡ್ಡಿ ಹಾಕದೆ ಮಾಡುವುದು ಚಹಾ ಒಂದನ್ನೇ. ಕಣ್ಣು ಮುಚ್ಚಿ ಮೂಸಿ, "ಛೇ ಛೇ ಆಜೀ, ಹಾ ಕಾಂದಾ ನಾಹೀ!" ಎಂದು, ಇದು ಉಳ್ಳಾಗಡ್ಡಿಯೇ ಅಲ್ಲವೆಂದು ಮರಾಠಿಯಲ್ಲಿ ತೀರ್ಪು ಕೊಟ್ಟಳು. ಅವ್ವ ಅರ್ಧ ಕರಗಿದಳು. "ಉಳ್ಳಾಗಡ್ಡಿ ಅಲ್ಲಂದ್ರೂ ಗಡ್ಡಿ ಹೌದಲ್ಲ? ಒಳಗ ಜೀವ ಅದಾವು. ಹಿಂಗ ಥಂಡ್ಯಾಗ ನಡಗಸಬ್ಯಾಡ. ಮದಲ ಮಣ್ಣಾಗ ಇಡು, ಆಮ್ಯಾಲ ಉಣತೇನಿ."

ಚಳಿ ಸಾಲದೆ ಮಣ್ಣಿಗಿಟ್ಟರೆ ಹೂವಿನ ಆಸೆ ಬಿಟ್ಟಂತೆಯೇ. ಆದರೆ ಹೊತ್ತು ಕಾಯುವುದಿಲ್ಲವಲ್ಲ. ಒಡೆದ ಬಕೆಟ್ಟಿಗೆ ಮಣ್ಣು ತುಂಬಿ, ಬರಿಗೈಯಲ್ಲೇ ಕೆದರಿ ಅಷ್ಟನ್ನೂ ಹೂಳಿದೆ. ಅವ್ವ ಕೈತೊಳೆದು ತಾಟಿನ ಮುಂದೆ ಕುಳಿತಳು. ಆಕೆ ಮೊದಲ ತುತ್ತು ನುಂಗಿದಾಗ ನನಗೆ ಹೋದ ಜೀವ ಬಂದಂತಾಯಿತು. ಆಕೆ ಮಜ್ಜಿಗೆ ಕುಡಿದು ಎದ್ದಾಗ ಶೆಡ್ಡಿನ ಮೇಲೆ ಇನ್ನೂ ಚೂರು ಬಿಸಿಲಿತ್ತು.

ಗೆಡ್ಡೆಗಳು ಎಲೆ ಬಿಟ್ಟವು, ಹೂ ಬಿಡಲಿಲ್ಲ. ಪ್ರದರ್ಶನ ಹತ್ತಿರ ಬಂತು. ಮತ್ತೆ ಬದನೆಕಾಯಿ ಕೆತ್ತುವುದಕ್ಕಿಂತ ಕಂಡದ್ದನ್ನೇ ಕೆತ್ತುವುದು ಮೇಲೆಂದು ಗೆಡ್ಡೆ, ಬೇರು, ನಾಲ್ಕು ಎಲೆ ಕೆತ್ತಿ ಒತ್ತಿದೆ.

ಕೊಲ್ಹಾಪುರದಲ್ಲಿ ಎಲ್ಲರ ಹೂಗಳನ್ನೂ ದಾಟಿ, ಪುಣೆಯಿಂದ ಬಂದ ದೊಡ್ಡ ಕನ್ನಡಕದ ರಸಿಕರೊಬ್ಬರು ನನ್ನ ಚಿತ್ರದೆದುರು ನಿಂತುಬಿಟ್ಟರು. ಟ್ಯೂಲಿಪ್ ಚಿತ್ರದಲ್ಲಿ ಹೂವನ್ನೇ ತಿರಸ್ಕರಿಸಲು ಎಂಥ ಧೈರ್ಯ ಬೇಕು ಎಂದು ಮರಾಠಿಯಲ್ಲಿ ಕೊಂಡಾಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ನನ್ನ ಜೊತೆ ಬಂದು ಪಕ್ಕದಲ್ಲಿ ನಿಂತಿದ್ದ ಅವ್ವ ಕನ್ನಡದಲ್ಲಿ ಶುರುಮಾಡಿದಳು: "ಎಲ್ಲೀ ಧೈರ್ಯ? ನಾ ಉಣ್ಣೂದಿಲ್ಲ ಅಂದದ್ದಕ್ಕ ಅಳಾಕ ಬಂದಿದ್ದ!"

"ಆಯೀ ಕಾಯ ಮ್ಹಣತಾತ?" ತಾಯಿ ಏನನ್ನುತ್ತಿದ್ದಾರೆ ಎಂದು ಅವರು ಕೇಳಿದರು.

ತಾಯಿಗೆ ನನ್ನ ಧೈರ್ಯದ ಬಗ್ಗೆ ಮೊದಲಿನಿಂದಲೂ ಬಹಳ ಅಭಿಮಾನ ಎಂದು ಮರಾಠಿಯಲ್ಲಿ ಹೇಳಿದೆ. ಹೇಳಿದ ಮೇಲೆ ನೆನಪಾಯಿತು: ಅವ್ವನಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತದೆ. ಆಕೆ ನನ್ನನ್ನೊಮ್ಮೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸುಮ್ಮನಾದಳು. ಚಾತುರ್ಮಾಸ ಮುಗಿದಿದ್ದರೂ ನನ್ನ ಮಾನಕ್ಕಾಗಿ ಇನ್ನೊಂದು ವ್ರತ ಹಿಡಿದಳು ಮಹಾತಾಯಿ.