ಭೂತದಾಟದ ನಾಲ್ಕನೇ ಭಾಗಕ್ಕೆ ಮಾವನ ವಿರೋಧ

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಕಾರವಾರದಿಂದ ಅಂಕೋಲೆಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ಈ ಮಾತು ಬಂದರಿನಲ್ಲಿ ಯಾರ ಕಿವಿಗಾದರೂ ಬಿದ್ದರೆ ನನಗೇ ಹುಚ್ಚು ಹಿಡಿದಿದೆ ಅಂದಾರು. ಯಾಕೆಂದರೆ ಮಾವ ಮೀನು ಹಿಡಿಯುವ ದೊಡ್ಡ ಬೋಟು ನಡೆಸುವ ತಾಂಡೇಲ. ಗಾಳಿ ಎದ್ದು ಉಳಿದ ಬೋಟುಗಳೆಲ್ಲ ದಡಕ್ಕೆ ಓಡಿ ಬರುವಾಗ, ಬೀಡಿ ಕಚ್ಚಿಕೊಂಡು "ಇನ್ನೊಂದು ಸಲ ಬಲೆ ಬಿಟ್ಟು ಹೋಗ್ವಾ" ಅನ್ನುವ ಆಸಾಮಿ. ಅಂಥವನು ಮನೆಯ ಟೀವಿಯ ಮುಂದೆ ಚಾಪೆಯ ಮೇಲೆ ಮುದುಡಿ ಕೂತು, ತಲೆಯ ಮೇಲೆ ಟವೆಲ್ ಹೊದ್ದು, "ಅಯ್ಯಯ್ಯೋ ಬಂತು, ಬಂತು!" ಎಂದು ಕಿರುಚುವುದನ್ನು ಕಣ್ಣಾರೆ ಕಂಡವಳು ನಾನು. ಕಾಲೇಜಿಗೆ ಹೋಗುತ್ತ ಅವನ ಮನೆಯಲ್ಲೇ ಇದ್ದೆನಲ್ಲ, ಕಾಣದೆ ಎಲ್ಲಿಗೆ ಹೋಗಲಿ?

ಎಲ್ಲಕ್ಕೂ ಮೂಲ ಒಂದು ಗ್ರೈಂಡರ್. ಅರ್ಗಾದಲ್ಲಿದ್ದ ನೌಕಾಪಡೆಯ ಸಂಸಾರವೊಂದು ವರ್ಗವಾಗಿ ಹೋಗುವಾಗ ಮನೆಯ ಸಾಮಾನು ಮಾರುತ್ತಿತ್ತು. ಮೀನು ಸಾರಿಗೆ ಕಾಯಿ ರುಬ್ಬಿ ರುಬ್ಬಿ ರಟ್ಟೆ ಸೋತಿದ್ದ ಅತ್ತೆ, "ಆ ಗ್ರೈಂಡರ್ ತಕಂಡು ಬನ್ನಿ" ಎಂದು ಕಳಿಸಿದಳು. ಮಾವ ರಿಕ್ಷಾದಿಂದ ಇಳಿಸಿದ್ದು ವಿಡಿಯೋ ಗೇಮಿನ ಮಶೀನು, ಜೊತೆಗೆ ಭೂತದಾಟದ ಮೂರು ಭಾಗಗಳ ಸಿಡಿಗಳು.

"ಗ್ರೈಂಡರ್ ಎಲ್ಲಿ?"

"ಅದು ಸಿಕ್ಕಾಪಟ್ಟೆ ಸದ್ದು ಮಾಡ್ತಿತ್ತು ಮಾರಾಯ್ತಿ."

ಆ ದಿನದಿಂದ ನಮ್ಮ ಮನೆಯಲ್ಲಿ ಎದ್ದ ಸದ್ದಿನ ಮುಂದೆ ಗ್ರೈಂಡರ್ ಯಾವ ಲೆಕ್ಕ!

ಮಳೆಗಾಲದಲ್ಲಿ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡ ಹತ್ತಿರುತ್ತವೆ. ಉಳಿದ ತಾಂಡೇಲರು ಬಲೆ ಹೆಣೆಯುವ ಹೊತ್ತಿಗೆ ಮಾವ ಒಂದು ಹಾಳು ಬಂಗಲೆ ಹೊಕ್ಕು ಸತ್ತವರ ಜೊತೆ ಹೊಡೆದಾಡುತ್ತಿದ್ದ. ಆಟದ ಕ್ಯಾಮೆರಾ ಗೋಡೆಯ ಮೂಲೆಗೆ ಅಂಟಿಕೊಂಡಂತೆ ಇರುತ್ತಿತ್ತು. ನಾಯಕ ಕೆಳಗೆ ಸಣ್ಣದಾಗಿ ಕಾಣುತ್ತಿದ್ದ, ಬಾಗಿಲುಗಳು ಕಿರ್‍ರೆಂದು ನಿಧಾನವಾಗಿ ತೆರೆದುಕೊಳ್ಳುತ್ತಿದ್ದವು. ಬಂದೂಕಿಗೆ ತೋಟಾಗಳು ಮಾತ್ರ ಮದುವೆಮನೆಯ ಉಪ್ಪಿನಕಾಯಿಯಷ್ಟು. ಮಾವನೋ, ಸಮುದ್ರದ ಮೇಲೆ ಡೀಸೆಲ್ಲು, ಮಂಜುಗಡ್ಡೆ ಉಳಿಸಿ ಉಳಿಸಿ ಬದುಕಿದವನು. ಒಂದು ತೋಟಾ ಖರ್ಚು ಮಾಡಲೂ ಅವನಿಗೆ ಜೀವ ಬಾರದು! ಭೂತ ಬಂದು ಕುತ್ತಿಗೆಗೇ ಬಾಯಿ ಹಾಕಿದರೂ ಹೊಡೆಯುತ್ತಿರಲಿಲ್ಲ.

"ಕಿಸೆ ತುಂಬ ತೋಟಾ ಇಟ್ಕೊಂಡು ಸತ್ತೆಯಲ್ಲ ಮಾವಾ!"

"ಮುಂದೆ ಇದಕ್ಕಿಂತ ದೊಡ್ಡದು ಬಂದ್ರೆ ಎಂತ ಮಾಡೂದು ತಂಗೀ?"

ಸತ್ತ ಮೇಲೆ ಮುಂದೆ ಇನ್ನೆಂಥದು ಬರಬೇಕು, ನೀವೇ ಹೇಳಿ!

ಎರಡನೇ ಭಾಗ ಶುರು ಮಾಡುವ ದಿನ ಟೀವಿಗೆ ಕುಂಕುಮ ಹಚ್ಚಿ ತೆಂಗಿನಕಾಯಿಯನ್ನೂ ಒಡೆದ. "ಹೊಸ ಬೋಟಿಗೆ ಒಡೆಯೂದಿಲ್ವಾ?" ಎಂಬುದು ಅವನ ವಾದ. ಕಾಯಿನೀರು ಟೀವಿಯ ಒಳಗೆ ಸಿಡಿಯಿತು. ಆಮೇಲೆ ಒಂದು ವಾರ ಆ ಟೀವಿಯಲ್ಲಿ ವಾರ್ತೆ ಓದುವವರೂ ಭೂತಗಳಂತೆಯೇ ಕಾಣುತ್ತಿದ್ದರು.

ಗ್ರೈಂಡರಿನ ಸಿಟ್ಟಿನಲ್ಲಿ ಮೊದಮೊದಲು ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದ ಅತ್ತೆ, ಮೆಲ್ಲಗೆ ಪಕ್ಕಕ್ಕೆ ತಿರುಗಿದಳು, ಆಮೇಲೆ ಪೂರ್ತಿ ತಿರುಗಿದಳು. ಒಣಸಿಗಡಿಯ ತಲೆ ಮುರಿಯುತ್ತ ಮಾವನ ಮಗ್ಗುಲಲ್ಲೇ ಅವಳ ಠಿಕಾಣಿ. ನಾಯಕನಿಗೆ ಕಾಣದ ತಿರುವು ಆ ಮೂಲೆಯ ಕ್ಯಾಮೆರಾದಿಂದ ನೋಡುವವರಿಗೆ ಕಾಣುತ್ತದಲ್ಲ? ಮಾವನ ಕಣ್ಣು ಕೈಯಲ್ಲಿನ ರಿಮೋಟಿನ ಗುಂಡಿಗಳ ಮೇಲೆ, ಅತ್ತೆಯ ಕಣ್ಣು ಪರದೆಯ ಮೇಲೆ. "ನಿಲ್ಲಿ! ಕಂಬದ ಹಿಂದೆ ಒಬ್ಬ ನಿಂತಿದ್ದಾನೆ!" ಎಂದರೆ ಮಾವ ಗಕ್ಕನೆ ನಿಲ್ಲುತ್ತಿದ್ದ. ಬೋಟಿನಲ್ಲಿ ಯಾರ ಮಾತನ್ನೂ ಕೇಳದ ತಾಂಡೇಲ! ಅನ್ನದ ಗಂಜಿ ಬಸಿಯಲು ಅತ್ತೆ ಎದ್ದರೆ ಆಟವೂ ಬಂದ್. ಅವಳು ಕೈ ಒರೆಸಿಕೊಂಡು ಬರುವವರೆಗೆ ನಾಯಕ ಕತ್ತಲೆಯ ಪಡಸಾಲೆಯಲ್ಲಿ ಕಾಯುತ್ತ ನಿಲ್ಲಬೇಕು.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಕಲ್ಲು ಹಾಕಿದವರು ಮಾವನ ಷಡ್ಡಕರು, ಅಂದರೆ ಅತ್ತೆಯ ತಂಗಿಯ ಗಂಡ. ಅಂಕೋಲೆಯ ಮಂಜಗುಣಿಯ ಕಡೆ ಗದ್ದೆ ಮಾಡಿಕೊಂಡಿದ್ದವರು. ಅವರಿಗೂ ಇದೇ ಆಟದ ಹುಚ್ಚು, ಆದರೆ ಪಕ್ಷ ಬೇರೆ. ಹೊಸದಾಗಿ ಬಂದ ನಾಲ್ಕನೇ ಭಾಗವೇ ಆಟ, ಉಳಿದದ್ದೆಲ್ಲ ಮಕ್ಕಳಾಟ ಎಂದು ಅವರ ಹಟ. ಬಾಳೆಗುಳಿಯ ಹತ್ತಿರ ಒಂದು ಮದುವೆ ಊಟದ ಪಂಕ್ತಿಯಲ್ಲಿ ಇಬ್ಬರಿಗೂ ಹತ್ತಿಕೊಂಡಿತು.

"ಮೊದ್ಲಿನ ಮನೇಲಿ ಸತ್ತವರು ಹೇಗೆ ಮೆಲ್ಲಗೆ ನಡೀತಿದ್ರು! ಈಗ ನೋಡಿದ್ರೆ ಕತ್ತಿ ಹಿಡ್ಕಂಡು ಓಡಿ ಬತ್ತಾರೆ!" ಎಂದು ಮಾವ.

"ಓಡಿ ಬಂದ್ರೇ ಅಲ್ವಾ ಮಜಾ!" ಎಂದು ಷಡ್ಡಕರು.

ಪಕ್ಕದ ಎಲೆಯ ಅಜ್ಜಿ ಪಾಯಸ ಬಿಟ್ಟು ಕೇಳಿದಳು: "ಯಾರ ಮನೇಲೋ? ಒಂದು ಶಾಂತಿ ಮಾಡ್ಸೂಕೆ ಆಗೂದಿಲ್ವಾ?"

ಮರುವರ್ಷ ಮಳೆಗಾಲಕ್ಕೆ ಮಾವನ ಮಶೀನು ಮುಲುಗತೊಡಗಿತು. ತಲೆಕೆಳಗಾಗಿ ಮಲಗಿಸಿದರೆ ಮಾತ್ರ ಸಿಡಿ ತಿರುಗುತ್ತಿತ್ತು. ಸುದ್ದಿ ಅಂಕೋಲೆಗೆ ಮುಟ್ಟಿದ್ದೇ ತಡ, ಒಂದು ಭಾನುವಾರ ಮಧ್ಯಾಹ್ನ ಜಡಿಮಳೆಯಲ್ಲಿ ಷಡ್ಡಕರು ಹಾಜರ್! ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹೊಸ ಮಶೀನು, ನಾಲ್ಕನೇ ಭಾಗದ ಸಿಡಿ. "ಇದನ್ನ ಇಟ್ಕೋ. ಹಳೇದನ್ನ ಗುಜರಿಗೆ ಹಾಕು." ಅದು ಬೇರೆ ಕಂಪನಿಯ ಮಶೀನಾದ್ದರಿಂದ ಹಳೆಯ ಸಿಡಿಗಳು ಅದರಲ್ಲಿ ನಡೆಯುವುದಿಲ್ಲ. ಹೊಸದು ಬಂದರೆ ಹಳೆಯ ಮೂರು ಭಾಗಗಳೂ ಮನೆಯಿಂದ ಹೋದ ಹಾಗೆಯೇ. ಮಾವನ ಮುಖ ಸಣ್ಣಗಾಯಿತು. ಷಡ್ಡಕರು ಬಿಡಬೇಕಲ್ಲ!

"ಗದ್ದೇಲಿ ನಿಂತವಂಗೆ ನಾಕೂ ಬದಿ ಕಾಣ್ಬೇಕು. ಇದ್ರಲ್ಲಿ ಕ್ಯಾಮೆರಾ ನಿನ್ನ ಹೆಗಲ ಮೇಲೇ ಇರ್ತದೆ, ತಿರುಗಿದಲ್ಲೆಲ್ಲ ತಿರುಗ್ತದೆ. ನಿಂದ್ರಲ್ಲಿ ಎಂತ, ಗೋಡೆ ಮೇಲಿನ ಹಲ್ಲಿ ನೋಡಿದಂಗೆ ನೋಡೂದು!"

"ಸಮುದ್ರದಲ್ಲಿ ನಾಕೂ ಬದಿ ಕಾಣ್ತದಾ ಮಾರಾಯಾ? ನೀರಿನಡಿಗೆ ಎಂತ ಇದೆ ಅಂತ ಕಾಣ್ತದಾ? ಕಾಣದಿದ್ರೇ ಹೆದ್ರಿಕೆ."

"ಇದ್ರಲ್ಲಿ ಹೊಡೆದಷ್ಟೂ ತೋಟಾ ಸಿಗ್ತದೆ."

"ನಡು ಸಮುದ್ರದಲ್ಲಿ ಡೀಸೆಲ್ ಬಂಕ್ ಇಟ್ಟಂಗಾಯ್ತು! ಅದೆಂತಾ ದರಿದ್ರ ಆಟ!"

"ಆಡಿ ನೋಡಿ ಮಾತಾಡು" ಎಂದು ಷಡ್ಡಕರು ವೈರು ಸಿಕ್ಕಿಸಿಯೇ ಬಿಟ್ಟರು. ಮಾವ ಗೊಣಗುತ್ತ ರಿಮೋಟು ಕೈಗೆತ್ತಿಕೊಂಡ. ಆಮೇಲೆ ಆದದ್ದನ್ನು ಏನು ಹೇಳಲಿ! ಅಲೆಯ ಮೇಲೆ ಬೋಟು ಹೊರಳಿಸುವ ಕೈಯಲ್ಲವೇ, ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಜೀವಮಾನದಲ್ಲಿ ಮೊದಲ ಸಲ ತೋಟಾಗಳನ್ನು ಮಂಡಕ್ಕಿಯಂತೆ ಚೆಲ್ಲಿದ. ಮುಖ ಅರಳಿತು. ತಲೆಯ ಟವೆಲ್ ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ. ಷಡ್ಡಕರು ಗೆದ್ದ ಹುಂಜದ ಯಜಮಾನನಂತೆ ನನ್ನತ್ತ ನೋಡಿದರು.

ಮಗ್ಗುಲಲ್ಲಿ ಕೂತಿದ್ದ ಅತ್ತೆ ಮಾತ್ರ ಹಣೆ ಹಿಡಿದುಕೊಂಡಿದ್ದಳು. ಮಾವ ತಿರುಗಿದಂತೆಲ್ಲ ಟೀವಿಯೊಳಗಿನ ಊರೂ ಗಿರಗಿರನೆ ತಿರುಗುತ್ತಿತ್ತು. "ಹೊಟ್ಟೆ ತೊಳಸ್ತದೆ. ಎದುರಿಗೆ ಬಂದ್ಮೇಲೇ ಕಾಣೂದಾದ್ರೆ ನಾ ಹೇಳೂದು ಎಂತ?" ಎಂದವಳೇ ಸಿಗಡಿಯ ಮೊರ ಎತ್ತಿಕೊಂಡು ಅಡುಗೆಮನೆಗೆ ಎದ್ದು ಹೋದಳು.

ಮಾವ ಸ್ವಲ್ಪ ಹೊತ್ತು ಆಡಿದ. ಒಂದು ತಿರುವಿನಲ್ಲಿ ನಿಂತ. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದ. ಖಾಲಿ ಚಾಪೆ. ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ.

"ಆಟ ನಿಂದೇ ಚೊಲೋ ಮಾರಾಯಾ. ನಾ ಸೋತೆ. ಆದ್ರೆ ಮಶೀನು ವಾಪಸ್ ತಕಂಡ್ಹೋಗು."

ಷಡ್ಡಕರು ಕಂಗಾಲು! ಗೆದ್ದವರೂ ಅವರೇ, ಹೊತ್ತುಕೊಂಡು ಹೋಗಬೇಕಾದವರೂ ಅವರೇ! "ಚೊಲೋ ಅಂತೀಯ, ಬೇಡ ಅಂತೀಯ. ನಿಂಗೆ ಎಂತಾಗಿದೆ?"

ಮಾವ ಬಿದ್ದಿದ್ದ ಟವೆಲ್ ಎತ್ತಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಅತ್ತೆಯೇ ಹೇಳಿದಳು:

"ಇವ್ರು ಸಮುದ್ರಕ್ಕೆ ಹೋದ್ರೆ ದಡದಿಂದ ನಂಗೆ ಎಂತದೂ ಕಾಣೂದಿಲ್ಲ ಭಾವಾ. ಎಲ್ಲಿದ್ದಾರೆ, ಯಾವ ಬದಿಯಿಂದ ಗಾಳಿ ಎದ್ದಿತು, ಒಂದೂ ಗೊತ್ತಾಗೂದಿಲ್ಲ. ಬಾಗಿಲಲ್ಲಿ ನಿಂತ್ಕಂಡು ದೇವರನ್ನ ನೆನೆಯೂದು, ಅಷ್ಟೇಯ. ಈ ಹಳೇ ಆಟದಲ್ಲಿ ಬರೂದೆಲ್ಲ ಇವ್ರಿಗಿಂತ ಮೊದ್ಲು ನಂಗೆ ಕಾಣ್ತದೆ. ನಿಲ್ಲಿ ಅಂದ್ರೆ ನಿಲ್ತಾರೆ."

ಇಷ್ಟು ದಿನ ನಾನು ನಕ್ಕಿದ್ದು ಯಾವುದಕ್ಕೆ ಎಂದು ಆಗ ಅರ್ಥವಾಯಿತು. ಮಾತಿನಲ್ಲಿ ಎಂದೂ ಸೋಲದ ಷಡ್ಡಕರು ಎದ್ದು, ತಾವೇ ತಮ್ಮ ವೈರು ಕಿತ್ತು, ಹಳೆಯ ಮಶೀನಿನ ವೈರು ಸಿಕ್ಕಿಸಿದರು.

ಹಳೆಯ ಬಂಗಲೆ ಕಾಣಿಸಿಕೊಂಡಿತು. ಮಾವ ಟವೆಲ್ ಹೊದ್ದು ಮುದುಡಿ ಕೂತ. ಅತ್ತೆ ಚಹಾದ ಲೋಟ ಷಡ್ಡಕರ ಕೈಗಿಟ್ಟು, ಚಾಪೆಯ ಮೇಲೆ ಅವನ ಮಗ್ಗುಲಿಗೆ ಬಂದು ಕೂತಳು.

"ಹಾಂ, ಹೋಗಿ" ಎಂದಳು. "ನಾ ನೋಡ್ತೆ."