ಸಾವಿರದ ಫಲಕವೂ ಎಂಟು ಸಾವಿರದ ಗಾಳಿಯೂ

ಎಲೈ ಬುದ್ಬುದಪ್ರಿಯೆ, ಸೋಡಾಶೀಷೆಗಳ ಕಂಠದಲ್ಲಿ ನೆಲೆಸಿ ತೇಗಿನ ರೂಪದಲ್ಲಿ ಲೋಕವನ್ನು ಸಂತೈಸುವ ಇಂಗಾಲದ ಡೈಆಕ್ಸೈಡಿನ ಅಧಿದೇವತೆಯೇ, ನನ್ನ ಮೂಗಿಗೇರದೆ ನಾಲಗೆಗೆ ಇಳಿದು ಬಾ!

ಆಯುಧಪೂಜೆಯ ಕುಂಬಳಕಾಯಿ ಹೋಳುಗಳು ಗೇಟಿನ ಬಳಿ ಇನ್ನೂ ಕೊಳೆಯುತ್ತಿದ್ದ ಆ ಪುಣ್ಯಯುಗದಲ್ಲಿ, ಅಂದರೆ ಹೋದ ಗುರುವಾರ, ಹುಬ್ಬಳ್ಳಿಯ ಹೊರಗಿನ ಸೋಡಾ ಕಾರ್ಖಾನೆಯೊಂದನ್ನು ಶೀಷಾಸಹಸ್ರಪರಿವೃತನೂ ಪೊದೆಮೀಸೆಮಂಡಿತನೂ ಆದ ಮೇಲ್ವಿಚಾರಕ ಗುದ್ನೆಪ್ಪನು ಆಳುತ್ತಿದ್ದನು. ಅವನ ಕೀರ್ತಿಯೆಲ್ಲ ಒಂದು ಫಲಕದಲ್ಲಿ ತೂಗುತ್ತಿತ್ತು: ‘ಅಪಘಾತವಿಲ್ಲದ ದಿನಗಳು 999’. ಸಂಜೆ ಪಾಳಿ ಮುಗಿದೊಡನೆ ಅದು ಸಾವಿರವಾಗಬೇಕು, ಮಾಲೀಕರು ಶಾಲು ಹೊದಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಯಾರೂ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ. ಪಾಪ, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯ ತಮ್ಮನನ್ನೂ ಕರೆಸಿಕೊಂಡಿದ್ದ.

ಆದರೆ ಕಾರ್ಖಾನೆಯ ನಿಯಮ ಕ್ರೂರ. ಶೀಷೆ ತುಂಬುವ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಐದು ಸಾವಿರ ದಾಟಿದರೆ ಅದೂ ಅಪಘಾತವೇ. ಫಲಕ ಸೊನ್ನೆಗೆ ಇಳಿಯಬೇಕು.

ಪಾಳಿ ಮುಗಿಯುವ ಹೊತ್ತಿಗೆ ವಾಯುರಕ್ಷಣಧುರಂಧರೆ, ಹಳದಿಹೆಲ್ಮೆಟ್ಟುಶೋಭಿತೆ, ಸುರಕ್ಷತಾ ಅಧಿಕಾರಿ ದಾನೇಶ್ವರಿಯು ಗೋಡೆಯ ಹೊಸ ಮೀಟರನ್ನು ನೋಡಿದಳು. ದಿನದ ಸರಾಸರಿ 8,100.

“ಎಲ್ಲಾರೂ ಹೊರಗ ನಡೀರಿ!” ಎಂದು ಗರ್ಜಿಸಿದಳು. “ಗುದ್ನೆಪ್ಪಣ್ಣಾರ, ಎಂಟು ಸಾವಿರ ದಾಟೈತಿ. ಬೋರ್ಡ್ ಸೊನ್ನಿಗೆ ತರ್ರಿ.”

ಗುದ್ನೆಪ್ಪನು ಫಲಕವನ್ನೊಮ್ಮೆ ಕಂಗಾಲಾಗಿ ನೋಡಿದನು. ಆದರೂ ಮೀಸೆ ತಿರುವಿದನು.

“ಮೇಡಂರ, ಇಪ್ಪತ್ತೆರಡು ವರ್ಷ ಈ ಗ್ಯಾಸ್ ಕುಡದು ಬೆಳದಾಂವ ನಾ! ನನ್ನ ಕಂಡ್ರ ಅದ ತಾನ ಬಾಗಲಾ ತಗದು ಹೊರಗ ಹೋಗತೈತಿ! ಎಂಟು ಸಾವಿರ ಇದ್ದಿದ್ರ ಶೀಷೆ ತುಂಬೋ ನಮ್ಮ ಶಂಕ್ರವ್ವ ತಲಿ ತಿರಗಿ ಬೀಳಬೇಕಿತ್ತು. ಆಕಿ ನೋಡಿದ್ರ ಹರಟಿ ಹೊಡಿಯಾಕತ್ತಾಳ!”

“ನಾನೂ ಶೀಷೆ ಎಣಸಾಕ ಬಂದಿಲ್ರಿ, ಹದಿನಾಕು ಮಂದಿ ಉಸಿರು ಕಾಯಾಕ ಬಂದೀನಿ. ಮೀಟರ್ ಮುಂದ ನಿಮ್ಮ ಮೀಸಿ ನಡಿಯಂಗಿಲ್ಲ.”

ಹೀಗೆ ಗರ್ಜಿಸಿದರೂ ಅವಳು ನ್ಯಾಯವಂತೆ. ಇನ್ನೊಮ್ಮೆ ನೋಡೋಣವೆಂದು ಹತ್ತಿರ ಹೋದಳು. ಅಂಕಿಯ ಕೆಳಗೆ ಗಂಧ ಕುಂಕುಮ ಅಂಗೈಯಗಲ ಒಣಗಿ ಕೂತಿತ್ತು.

“ಇದನ್ನ ಯಾರ ಬಳದಿದ್ದು?”

“ನಾನ. ಹೊಸಾ ಯಂತ್ರ, ಪೂಜಿ ಮಾಡಬ್ಯಾಡೇನು?”

ದಾನೇಶ್ವರಿ ಉಗುರಿನಿಂದ ಕೆರೆದಳು. ಕುಂಕುಮದ ಮೋಡ ಸರಿದು ಸತ್ಯಸೂರ್ಯ ಮೂಡಿದನು: ‘ಘನಮೀಟರಿಗೆ ಮಿಲಿಗ್ರಾಂ’! ನಿಯಮದ ಐದು ಸಾವಿರವೋ ಪಿಪಿಎಂ ಲೆಕ್ಕದ್ದು, ದಶಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂಬುದು. ಒಂದು ಅನಿಲದ ತೂಕ, ಇನ್ನೊಂದು ಅದರ ಪಾಲು. ಇಷ್ಟು ಹೊತ್ತು ಇಬ್ಬರು ಮಹಾರಥರೂ ಕಿಲೋವನ್ನು ಲೀಟರಿನಿಂದ ಬಡಿಯುತ್ತಿದ್ದರು.

ಹೊರಬಂತು ಕ್ಯಾಲ್ಕುಲೇಟರೆಂಬ ದಿವ್ಯಾಸ್ತ್ರ. ತೂಕವನ್ನು ಪಾಲಾಗಿಸುವ ಸೂತ್ರದಂತೆ ಎಂಟು ಸಾವಿರದ ನೂರನ್ನು ಇಪ್ಪತ್ತನಾಲ್ಕು ಪಾಯಿಂಟ್ ನಾಲ್ಕು ಐದರಿಂದ ಗುಣಿಸಿ, ನಲವತ್ತನಾಲ್ಕು ಪಾಯಿಂಟ್ ಸೊನ್ನೆ ಒಂದರಿಂದ ಭಾಗಿಸಿದಳು. ಗುದ್ನೆಪ್ಪ ಅವಳ ಹೆಗಲ ಮೇಲಿಂದ ಇಣುಕಿದನು.

“ನಾಕು ಸಾವಿರದ ಐನೂರು ಪಿಪಿಎಂ. ನೀವು ಗೆದ್ರಿ, ಅಣ್ಣಾರ.”

ಶಂಕ್ರವ್ವ ಸಿಳ್ಳೆ ಹೊಡೆದಳು. ಗುದ್ನೆಪ್ಪನ ಕಣ್ಣು ತುಂಬಿತು. ಮಾಲೀಕರು ಶಾಲು ಹಿಡಿದು ನಿಂತಿರಲು, ಆ ವೀರನು ಸ್ಟೂಲು ಹತ್ತಿ ಒಂಬತ್ತುಗಳನ್ನು ಇಳಿಸಿ, ಒಂದೊಂದೇ ತಗಡಿನ ಸೊನ್ನೆಯನ್ನು ನೇತುಹಾಕಿದನು. ಮೂರು ಸೊನ್ನೆಗೆ ಮೊಳೆಗಳು ಮುಗಿದವು. ಈ ಕಾರ್ಖಾನೆ ಸಾವಿರ ಮುಟ್ಟೀತೆಂದು ಫಲಕ ಮಾಡಿದವನು ನಂಬಿರಲೇ ಇಲ್ಲ. ‘ಒಂದು’ ಎಂಬ ತಗಡಿನ ಅಂಕಿ ಕೈಯಲ್ಲೇ ಉಳಿಯಿತು.

“ಬಡಿಗ್ಯಾರನ್ನ ಕರೀತೀನಿ, ತಡೀರಿ,” ಎಂದಳು ದಾನೇಶ್ವರಿ.

“ಒಂದು ಮೊಳಿ ಹೊಡಿಯಾಕ ಗುದ್ನೆಪ್ಪಗ ಬಡಿಗ್ಯಾ ಬೇಕೇನು?”

ಸುತ್ತಿಗೆ ಎತ್ತಿದನು. ಎಡಗೈ ಹೆಬ್ಬೆರಳಿನ ಮೇಲೆ ಇಳಿಸಿದನು.

ದಾನೇಶ್ವರಿ ಬೆರಳಿಗೆ ಪಟ್ಟಿ ಕಟ್ಟಿ, ಒಲ್ಲದ ಮನಸ್ಸಿನಿಂದ ಅಪಘಾತದ ರಿಜಿಸ್ಟರು ತೆರೆದಳು. ಮಾಲೀಕರು ಶಾಲನ್ನು ಮಡಚಿದರು. ಗುದ್ನೆಪ್ಪ ಮುಲುಗುತ್ತ ಫಲಕ ಸರಿಪಡಿಸಲು ಮತ್ತೆ ಸ್ಟೂಲು ಹತ್ತಹೋದನು.

“ಇಳೀರಿ, ಅಣ್ಣಾರ,” ಎಂದಳು ಅವಳು. “ಮೂರು ಸೊನ್ನಿ ಅದಾವಲ್ಲ. ಬೋರ್ಡ್ ಸರಿಯಾಗೇ ಐತಿ.”