ಬಾಯಿ ಬಿಡದ ಸುಲೋಚನಾ ಸಿಸ್ಟರ್

ಭೀಮಸೇನ ಕಟ್ಟಿಯವರಿಗೆ ಮೂಲವ್ಯಾಧಿ ಆದದ್ದು ದೊಡ್ಡ ಸಂಗತಿಯೇನಲ್ಲ. ವಡೋದರಾದ ವಿಮಾ ಕಚೇರಿಯಲ್ಲಿ ವರ್ಷಾನುಗಟ್ಟಲೆ ಮರದ ಕುರ್ಚಿ ಕಾಯ್ದವರಿಗೆ ಅದು ಬರದಿದ್ದರೇ ಆಶ್ಚರ್ಯ. ತೊಂದರೆಯಾದದ್ದು ಅದನ್ನು ಮುಚ್ಚಿಡಲು ಹೋದದ್ದರಿಂದ. ಬಹುದಿನ ಬೇಡಿಕೊಂಡಿದ್ದ ಧಾರವಾಡದ ವರ್ಗ ಇನ್ನೇನು ಕೈಗೆ ಬರುವುದರಲ್ಲಿತ್ತು. ಹೆಂಡತಿ ಕಮಲಾ ಮನೆ ಹುಡುಕಲು ಆಗಲೇ ಅಲ್ಲಿಗೆ ಹೋಗಿದ್ದಳು. ಹೋಗುವ ಕಾಲಕ್ಕೆ ಕಚೇರಿಯವರ ಬಾಯಿಗೆ ಬೀಳುವುದೇಕೆಂದು, "ಸಣ್ಣ ತಪಾಸಣೆ" ಎಂದಷ್ಟೇ ಹೇಳಿ ಆಸ್ಪತ್ರೆ ಸೇರಿ ಆಪರೇಷನ್ ಮಾಡಿಸಿಕೊಂಡರು.

ಮರುದಿನ ಬೆಳಿಗ್ಗೆ ವಾರ್ಡಿನ ಸುಲೋಚನಾ ಸಿಸ್ಟರ್ ಇಂಜೆಕ್ಷನ್ ಹಿಡಿದು ಬಂದರು. ಗೋಕಾಕದ ಹೆಣ್ಣುಮಗಳು.

"ನಿಮ್ಮ ಹೆಸರೇನ್ರಿ?"

"ನಿನ್ನೆಯಿಂದ ಹೇಳೇ ಹೇಳ್ಲಿಕ್ಕತ್ತೀನಲ್ರೀ ಸಿಸ್ಟರ್!"

"ಕೇಳೂದು ನಮ್ಮ ಪದ್ಧತಿರಿ. ಬ್ಯಾರೇದವರ ಇಂಜೆಕ್ಷನ್ ನಿಮಗ ಚುಚ್ಚಿದ್ರ ನಾ ಕೋರ್ಟಿಗೆ ಹೋಗಬೇಕಾಕ್ಕೈತಿ, ನೀವು ಮ್ಯಾಲ ಹೋಗಬೇಕಾಕ್ಕೈತಿ."

ಇಂಥವರನ್ನು ನಂಬದೆ ಇನ್ಯಾರನ್ನು ನಂಬುವುದು? ಭೀಮಸೇನರು ದನಿ ತಗ್ಗಿಸಿ, "ನನಗೇನಾಗೇದ ಅಂತ ಯಾರಿಗೂ ಹೇಳಬ್ಯಾಡ್ರಿ" ಎಂದರು.

"ಪೇಶಂಟ್ ಮಾತು ನಮ್ಮ ಹೊಟ್ಟಿಯೊಳಗ. ನೀವು ಹೂಂ ಅನ್ನೂತನಕಾ ದೇವರು ಬಂದು ಕೇಳಿದ್ರೂ ಹೇಳೂದಿಲ್ಲ."

ದೇವರು ಬರಲಿಲ್ಲ. ಪಕ್ಕದ ಮನೆಯ ಜಸುಬೆನ್ ಮೆಂತ್ಯದ ರೊಟ್ಟಿ ಥೇಪ್ಲಾ ಕಟ್ಟಿಕೊಂಡು ಬಂದರು. ಒಂದೇ ಮಗ್ಗುಲಲ್ಲಿ ಮುದುಡಿ ಮಲಗಿದ್ದ ಭೀಮಸೇನರು, ಏನೂ ಇಲ್ಲವೆಂದರು. ಆಕೆ ಸಿಸ್ಟರನ್ನು ಕೇಳಿದರು. ರೋಗಿಯ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ ಎಂದು ಸಿಸ್ಟರ್ ಹಿಂದಿಯಲ್ಲಿ ವಿನಯವಾಗಿ ಹೇಳಿದರು. ಬಾಯಿಬಿಟ್ಟು ಹೇಳಲಾಗದ ರೋಗವೆಂದರೆ ಕೊನೆಯದೇ ಎಂದು ಜಸುಬೆನ್ ತಿಳಿದರು. "ಕೇಟಲಾ ಸಾರಾ ಮಾಣಸ್ ಹತಾ!" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಎಷ್ಟು ಒಳ್ಳೆಯ ಮನುಷ್ಯರಿದ್ದರು ಎಂದು ಜೀವಂತ ಮನುಷ್ಯನ ಎದುರಿಗೇ ಅಂದುಬಿಟ್ಟರು!

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಚೇರಿ ಮುಟ್ಟಿತು. ದಾವಣಗೆರೆಯ ಸಹೋದ್ಯೋಗಿ ಕಿರಣ್ ತೋಳೇರಿಸಿಕೊಂಡು ಬಂದ. "ನೋಡಿ ಸಿಸ್ಟರ್, ಈಗ ಆಸ್ಪತ್ರೆಗಳೂ ಗ್ರಾಹಕರ ಕೋರ್ಟಿನ ಕೆಳಗೆ ಬಂದಿವೆ. ಕಾಯಿಲೆ ಏನಂತ ಹೇಳದಿದ್ರೆ ಕೇಸ್ ಹಾಕ್ತೀನಿ!"

"ಹಾಕ್ರಿ. ಹೇಳಿದ್ರ ಇವರು ಹಾಕ್ತಾರ. ಹೇಳದ ತಪ್ಪಿಗೆ ಕೋರ್ಟಿಗೆ ಬರಾಕ ನನಗೇನ ನಾಚಿಕಿಲ್ಲ" ಎಂದವರೇ ಸಿಸ್ಟರ್ ಥರ್ಮಾಮೀಟರ್ ಜಾಡಿಸಿದರು. ಆ ಹೆಣ್ಣುಮಗಳ ಗಟ್ಟಿತನಕ್ಕೆ ಕೈ ಮುಗಿಯಬೇಕು. ಕಿರಣನ ತೋಳು ತಾನಾಗಿ ಕೆಳಗಿಳಿಯಿತು. ಆದರೆ ಹೋಗುವಾಗ ಆತ ಭೀಮಸೇನರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಸಂಜೆಗೆ ಭೀಮಸೇನರ ಹೌಸಿಂಗ್ ಸೊಸೈಟಿಯ ಹೆಂಗಸರು ತಾಳ ಹಿಡಿದು ಬಂದು ಕಾರಿಡಾರಿನಲ್ಲಿ, ಕೊನೆಗಾಲದವರಿಗೆ ಕೇಳಿಸುವ ರಾಮಧುನ್ ಭಜನೆ ಶುರುಮಾಡಿದರು. ಅವರ ನಡುವೆ ದಾರಿ ಮಾಡಿಕೊಂಡು ಒಳಬಂದವರು ಮೈಸೂರಿನ ಕಡೆಯ ಮ್ಯಾನೇಜರ್ ಲಕ್ಷ್ಮೀನಾರಾಯಣ ರಾಯರು. ರಜೆ ಕೇಳಿದರೆ ಕಣ್ಣು ಕೆಂಪು ಮಾಡುವ ಮನುಷ್ಯ; ಈಗ ಅತ್ತು ಕೆಂಪು ಮಾಡಿಕೊಂಡಿದ್ದರು.

ಭೀಮಸೇನರಿಗೆ ತಡೆಯಲಾಗಲಿಲ್ಲ. "ಸಿಸ್ಟರ್, ಹೇಳಿಬಿಡ್ರೀ! ಎಲ್ಲಾರಿಗೂ ಹೇಳಿಬಿಡ್ರಿ!"

"ಮನಸಾರೆ ಹೇಳಾಕ ಹಚ್ಚೀರೋ, ಇವರ ಕಾಟಕ್ಕೋ?"

"ಮನಸಾರೆ!" ಎಂದು ಭೀಮಸೇನರು ಅಳುತ್ತ ಕೂಗಿದರು.

ಸಿಸ್ಟರ್ ಬಾಗಿಲಲ್ಲಿ ನಿಂತು, ಕನ್ನಡದಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಸ್ಪಷ್ಟವಾಗಿ ಹೇಳಿದರು: "ಇವರಿಗೆ ಮೂಲವ್ಯಾಧಿ. ಆಪರೇಷನ್ ಚಲೋ ಆಗೇತಿ. ನಾಳೆ ಮನಿಗೆ ಹೋಗ್ತಾರ."

ತಾಳ ನಿಂತಿತು. ಯಾರೂ ನಗಲಿಲ್ಲ. ಜಸುಬೆನ್ ಸಿಸ್ಟರನ್ನು ತಬ್ಬಿಕೊಂಡು ಬಿಕ್ಕಿದರು. ರಾಯರು ಕನ್ನಡಕ ಒರೆಸಿಕೊಂಡು, "ಬರೀ ಮೂಲವ್ಯಾಧಿಗೆ ಬೆಳಗಿನಿಂದ ಇಷ್ಟು ಗುಟ್ಟು ಮಾಡ್ತಾರೇನಮ್ಮ? ರೋಗಿ ಧೈರ್ಯ ಕೆಡಬಾರದು ಅಂತ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ! ನೀವು ದೇವತೆ" ಎಂದರು.

"ನಾ ಸುಳ್ಳು ಹೇಳೂದಿಲ್ರೀ!" ಸಿಸ್ಟರಿಗೆ ನಿಜಕ್ಕೂ ನೋವಾಗಿತ್ತು.

"ಗೊತ್ತಮ್ಮ, ಗೊತ್ತು" ಎಂದು ರಾಯರು ಭೀಮಸೇನರ ಕೈ ಹಿಡಿದರು. "ಯೋಚನೆ ಮಾಡಬೇಡಿ, ಭೀಮಸೇನ್. ಈ ಸ್ಥಿತೀಲಿ ಇಂಥ ಸಿಸ್ಟರ್ ಕೈಯಿಂದ ಬಿಡಿಸಿ ನಿಮ್ಮನ್ನ ಧಾರವಾಡಕ್ಕೆ ಕಳಿಸೋಕೆ ನಾನೇನು ಕಟುಕನೇ? ಮಧ್ಯಾಹ್ನವೇ ಫೋನ್ ಮಾಡಿ ವರ್ಗ ರದ್ದು ಮಾಡಿಸಿದೀನಿ."

ಭೀಮಸೇನರು ಧಡಕ್ಕನೆ ಎದ್ದು ಕೂತರು. ಕೂತದ್ದೇ ತಪ್ಪಾಯಿತು. ಅವರು ಚೀರಿದ ಚೀರಿಗೆ ಹೊರಗಿನ ಹೆಂಗಸರು, ಇನ್ನು ಹೊತ್ತಿಲ್ಲವೆಂದು, ರಾಮಧುನ್ ಮತ್ತಷ್ಟು ಜೋರಾಗಿ ಎತ್ತಿಕೊಂಡರು.